ಏಣಿ ಹತ್ತಲಾರದವನ ಪರ್ವತದ ಕೆಲಸ

ಪರ್ತಿನ ಹ್ಯಾರಿಸ್‌ಡೇಲ್ ಬಡಾವಣೆಯಲ್ಲಿ ನಮ್ಮ ಪಕ್ಕದ ಬೀದಿಯ ಡಾಕ್ಟರ್ ಸುಧಾ ಅವರ ಮಗಳು ಅಪೂರ್ವ ಬೆಂಟ್ಲಿಯ ಯೂನಿವರ್ಸಿಟಿಯಲ್ಲಿ ಓದು ಮುಗಿಸಿ, ಮಾಂಗಾ ಎಂಬ ಜಪಾನೀ ಚಿತ್ರಕತೆ ಪುಸ್ತಕಗಳ ಇಂಗ್ಲಿಷ್ ಆವೃತ್ತಿಗೆ ಅಕ್ಷರ ಬರೆಯುವ ಕೆಲಸಕ್ಕೆ ಸೇರುತ್ತಿದ್ದಾಳೆ. "ನೀವು ಜೀವನವೆಲ್ಲ ಇದನ್ನೇ ಮಾಡಿದೋರಲ್ವಾ, ಅವಳಿಗೆ ನಾಲ್ಕು ಮಾತು ಹೇಳಿ" ಎಂದು ಸುಧಾ ಕೇಳಿಕೊಂಡರು. ನಾಲ್ಕು ಮಾತು ಹೇಳಿ ಆ ಕೆಲಸ ಬಿಡಿಸಿ ಎಂಬುದು ಅವರ ಮನಸ್ಸಿನಲ್ಲಿದ್ದದ್ದು. ಅಪೂರ್ವ ಮಾತ್ರ "ಜಸ್ಟ್ ದ ರಿಯಲ್ ಸ್ಟಫ್, ಅಂಕಲ್" ಅಂದಳು. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವಳಿಗೆ ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಓದಲು ಬಾರದು. ತಾಯಿ ಗಟ್ಟಿಯಾಗಿ ಓದಿ ಹೇಳಬೇಕು. ಹೀಗೆ ಇಬ್ಬರಿಗೂ ಒಟ್ಟಿಗೇ ತಲುಪುತ್ತದೆ.

ನನ್ನ ಹೆಸರು ಇನ್ನಾಸಪ್ಪ. ಮೈಸೂರಿನಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದೆ. ಎತ್ತರವೆಂದರೆ ನನಗೆ ಆಗದು. ಏಣಿಯ ಮೂರನೆಯ ಮೆಟ್ಟಿಲಿನಿಂದ ಮುಂದೆ ನಾನು ಲೋಕವನ್ನು ನೋಡಿದ್ದೇ ಇಲ್ಲ. ಹಾಗಾಗಿ ಬೋರ್ಡನ್ನು ನೆಲದ ಮೇಲೆ ಒರಗಿಸಿಕೊಂಡು ಬರೆದುಕೊಡುತ್ತಿದ್ದೆ, ಏರಿಸುವ ಗೋಳು ಅಂಗಡಿಯವರದು. ಮದುವೆಯಾದದ್ದು ಅರಿವಳಿಕೆ ಡಾಕ್ಟರಾಗಿದ್ದ ರೀಟಾಳನ್ನು. ಅವಳಿಗೆ ಆಸ್ಟ್ರೇಲಿಯಾದ ಅಡಿಲೇಡಿನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು. ಅವಳ ವೀಸಾದ ಬಾಲ ಹಿಡಿದು ನಾನೂ ಬಂದೆ.

ಬಂದ ಎರಡನೆಯ ತಿಂಗಳು, ಬಡಾವಣೆಯ ಲೈಬ್ರರಿಯ ಗೋಡೆಯ ಮೇಲೆ ಒಂದು ಚೀಟಿ ಕಂಡಿತು. ಒಳ್ಳೆಯ ಕೈಬರಹದವರು ಬೇಕಾಗಿದ್ದಾರೆ, ಸಂಜೆ ನಾಲ್ಕರೊಳಗೆ ಬನ್ನಿ. ಹೋದೆ. ಮೀನು ಹಿಡಿಯುವ ಸಾಮಾನಿನ ಅಂಗಡಿಯ ಮೇಲಿನ ಕೋಣೆ, ಒಂದು ಪುಟ್ಟ ಪ್ರಕಾಶನದ ಕಚೇರಿ. ಒಳಗೆ ಬೆವ್ ಎಂಬ ಹೆಂಗಸು ಕೂತಿದ್ದರು. ಕತ್ತಿಗೆ ಎರಡು ಕನ್ನಡಕ, ಕಿವಿಯ ಹಿಂದೆ ಒಂದು ಪೆನ್ಸಿಲ್. ಬೇಕಾದಾಗ ಮೂರೂ ಸಿಗುತ್ತಿರಲಿಲ್ಲ. ಮುಂದೆ ನನ್ನ ಸಂಪಾದಕಿ, ಮೇಲಧಿಕಾರಿ ಆದವರು ಅವರೇ. ಇಂಗ್ಲಿಷಿನಲ್ಲಿ ನೀನು, ನೀವು ಎಂಬ ಭೇದವಿಲ್ಲ. ಆದರೆ ಅವರ ದನಿಯಲ್ಲಿ ಇದ್ದದ್ದು 'ನೀನು' ಎಂದು ನನಗೆ ಮೊದಲ ನಿಮಿಷದಲ್ಲೇ ತಿಳಿಯಿತು.

ಅವರು ನನ್ನ ಹೆಸರನ್ನಾಗಲಿ ಓದನ್ನಾಗಲಿ ಕೇಳಲಿಲ್ಲ. ಒಂದು ಹಾಳೆ ಮುಂದಿಟ್ಟು, "ಒಬ್ಬ ಈಗಷ್ಟೇ ಬೆಟ್ಟದಿಂದ ಬಿದ್ದಿದಾನೆ. 'ಹೆಲ್ಪ್' ಅಂತ ಕೂಗ್ತಾನೆ. ಬರಿ" ಅಂದರು. ದಪ್ಪಗೆ, ಕೋನಕೋನವಾಗಿ ಬರೆದೆ. "ಈಗ ಮೂರು ಗಂಟೆ ಆಯ್ತು. ಇನ್ನೂ ಕೂಗ್ತಿದಾನೆ. ಬರಿ" ಅಂದರು. ನಾನು ಅದೇ ನಾಲ್ಕು ಅಕ್ಷರವನ್ನು ಚಿಕ್ಕದಾಗಿ, ಒಂದು ಇನ್ನೊಂದರ ಹೆಗಲಿಗೆ ಒರಗಿದ ಹಾಗೆ ಬರೆದೆ. ಬೆವ್ ಎರಡೂ ಕನ್ನಡಕವನ್ನು ಒಂದರ ಮೇಲೊಂದು ಹಾಕಿಕೊಂಡು ನೋಡಿದರು. "ಸೋಮವಾರ ಬಾ" ಅಂದರು.

ಸೋಮವಾರ ಕೈಗೆ ಬಂದದ್ದು ಒಂದು ಜಪಾನೀ ಮಾಂಗಾ ಮಾಲೆ. ಇಂಗ್ಲಿಷಿನಲ್ಲಿ ಅದಕ್ಕೆ 'ಮೂರನೆಯ ಹಗ್ಗ' ಎಂಬ ಅರ್ಥದ ಹೆಸರಿಟ್ಟಿದ್ದರು. ಜಪಾನಿನ ಎತ್ತರದ ಬೆಟ್ಟಗಳ ಗುಡಿಸಲುಗಳಿಗೆ ಅಂಚೆ ಒಯ್ಯುವ ನಾತ್ಸು ಎಂಬ ಹೆಂಗಸು, ಹಿಮದಲ್ಲಿ ಸಿಕ್ಕಿಬಿದ್ದವರನ್ನು ಹುಡುಕಿ ತರುವ ರಕ್ಷಣಾ ತಂಡಕ್ಕೆ ಸೇರುವ ಕತೆ. ಒಂದೊಂದು ಸಂಪುಟದಲ್ಲೂ ಯಾರಾದರೊಬ್ಬರು ಬೀಳುತ್ತಾರೆ, ಯಾರಾದರೊಬ್ಬರು ಇಳಿದು ಎತ್ತುತ್ತಾರೆ. ಮೂರು ಮೆಟ್ಟಿಲ ಇನ್ನಾಸಪ್ಪನಿಗೆ ಮೂರು ಸಾವಿರ ಮೀಟರಿನ ಕೆಲಸ. ರೀಟಾ ಕೇಳಿ ಊಟದ ತಟ್ಟೆಯ ಮುಂದೆ ಕೂತು ಅಳುವಷ್ಟು ನಕ್ಕಳು.

ಅಪೂರ್ವ, ಈ ಕೆಲಸ ಅಕ್ಷರ ಬರೆಯುವುದು ಎಂದು ನಿನಗೆ ಹೇಳಿರುತ್ತಾರೆ. ನಿಜವಾಗಿ ಇದು ಅಳಿಸುವ ಕೆಲಸ. ಜಪಾನೀ ಚಿತ್ರಕಾರರು ಸದ್ದನ್ನು ಚಿತ್ರದ ಮೇಲೆಯೇ ಬರೆದುಬಿಡುತ್ತಾರೆ. ಬಂಡೆ ಉರುಳುವ ಸದ್ದು ಬಂಡೆಯ ಮೇಲೆ, ಗಾಳಿಯ ಸದ್ದು ಆಕಾಶದ ತುಂಬ. ಅದನ್ನು ಬಿಳಿ ಬಣ್ಣದಿಂದ ಮುಚ್ಚಿ, ಅದರಡಿ ಇರಬಹುದಾಗಿದ್ದ ಬಂಡೆಯನ್ನೋ ಹಿಮವನ್ನೋ ನಾವು ಬರೆದು ತುಂಬಿ, ಆಮೇಲೆ ಇಂಗ್ಲಿಷ್ ಸದ್ದು ಬರೆಯಬೇಕು. ನಾನಾಗ ಹಿಮವನ್ನು ಕಂಡವನಲ್ಲ. ಫ್ರಿಜ್ಜಿನ ಮೇಲಿನ ಖಾನೆಯೇ ನನ್ನ ಹಿಮಾಲಯ. ಬಟಾಣಿ ಪೊಟ್ಟಣವನ್ನು ಸರಿಸಿ, ಅಲ್ಲಿ ಕಟ್ಟಿಕೊಂಡ ಹಿಮ ಹೇಗೆ ಒಡೆಯುತ್ತದೆಂದು ಚಮಚದಿಂದ ಕೆದಕಿ ನೋಡಿ ಚಿತ್ರ ಬರೆಯುತ್ತಿದ್ದೆ. ಇಲ್ಲಿ ಜನವರಿಯೆಂದರೆ ಕಡುಬೇಸಿಗೆ, ಒಂದು ಜನವರಿಯಲ್ಲಿ ಅಡಿಲೇಡ್ ಕಾದ ಹೆಂಚಾಗಿತ್ತು. ಹಿಮಕುಸಿತದ ಎರಡು ಪುಟಗಳ ಚಿತ್ರದ ಮೇಲೆ ನನ್ನ ಹಣೆಯ ಬೆವರು ತೊಟ್ಟಿಕ್ಕಿ, ಅರ್ಧ ಪರ್ವತವೇ ಕದಡಿಹೋಯಿತು. ಬೆವ್ ನೋಡಿ, "ಇದು ಮೂಲದಲ್ಲಿರೋದಕ್ಕಿಂತ ಭಯಂಕರವಾಗಿದೆ, ಹಾಗೇ ಇರ್ಲಿ" ಅಂದರು. ಹಾಗೇ ಅಚ್ಚಾಯಿತು.

ಮುಂದೆ ರೀಟಾಳ ಕೆಲಸ ಬ್ರಿಸ್ಬೇನಿಗೆ ಬದಲಾಯಿತು. ನನ್ನ ಪುಟಗಳು ಅಂಚೆಯಲ್ಲಿ ಓಡಾಡತೊಡಗಿದವು. ಬ್ರಿಸ್ಬೇನಿನ ಒಂದು ಲಾಭವೆಂದರೆ, ನಮ್ಮ ಮಾಲೆಯ ಅನುವಾದಕಿ ಮಿಚಿಕೋ ಅಲ್ಲೇ ಇದ್ದರು. ಶಾಲೆಯಲ್ಲಿ ಜಪಾನೀ ಕಲಿಸುತ್ತಿದ್ದ, ಅಳೆದು ತೂಗಿ ಮಾತಾಡುವ ಹೆಂಗಸು. ಒಂದು ದಿನ ಸದ್ದುಗಳ ಪಟ್ಟಿ ಹಿಡಿದು ಬಂದು, "ಇಂಗ್ಲಿಷಿನಲ್ಲಿ ಸದ್ದುಗಳೇ ಕಡಿಮೆ, ಇನ್ನಾಸಪ್ಪ ಸಾನ್. ಬಂಡೆ ಬಿದ್ದರೂ ಥಡ್, ಮನುಷ್ಯ ಬಿದ್ದರೂ ಥಡ್" ಎಂದು, ಹೆಸರಿಗೆ ಜಪಾನೀ ಗೌರವದ 'ಸಾನ್' ಸೇರಿಸಿ, ಕೊರಗಿದರು. ನನಗೆ ಮೈಯೆಲ್ಲ ಕಿವಿಯಾಯಿತು. ನಮ್ಮಲ್ಲಿ ಸದ್ದಿಗೆ ಬರವೇ? ಒದ್ದೆ ಬಟ್ಟೆ ಬಿದ್ದರೆ ಒಂದು, ತೆಂಗಿನಕಾಯಿ ಬಿದ್ದರೆ ಇನ್ನೊಂದು. ಹೇಳದೆ ಕೇಳದೆ ಶುರು ಮಾಡಿಬಿಟ್ಟೆ. ಹಿಮದ ಗುಡ್ಡೆಗೆ ಮನುಷ್ಯ ಬಿದ್ದರೆ ಇಂಗ್ಲಿಷ್ ಲಿಪಿಯಲ್ಲಿ 'ಧೊಪ್'. ಚಳಿಗೆ ಹಲ್ಲು 'ಕಟಕಟ'. ಹೆಲಿಕಾಪ್ಟರು 'ಪಟಪಟಪಟ'. ಸಣ್ಣ ಕಲ್ಲು ಜಾರಿದರೆ 'ಜರ್ರ್'. ಬೆವ್‌ಗೆ ಅದು ಜಪಾನೀ ಎನಿಸಿತು, ಮಿಚಿಕೋಗೆ ಅದು ಆಸ್ಟ್ರೇಲಿಯಾದ ಇಂಗ್ಲಿಷ್ ಎನಿಸಿತು. ಇಬ್ಬರೂ ಕೇಳಲಿಲ್ಲ.

ಸಿಕ್ಕಿಬಿದ್ದದ್ದು ಒಂದು ಭಾನುವಾರ. ಬ್ರಿಸ್ಬೇನಿನ ನಮ್ಮ ಕನ್ನಡದ ಡಾಕ್ಟರ್ ಬಳಗ ಪಾರ್ಕಿನಲ್ಲಿ ಬಾರ್ಬಿಗೆ, ಅಂದರೆ ಬಯಲಲ್ಲಿ ಸುಟ್ಟು ತಿನ್ನುವ ಊಟಕ್ಕೆ, ಸೇರಿತ್ತು. ಒಲೆಯ ಮೇಲೆ ಒಂದು ಕಡೆ ಸಾಸೇಜು, ಇನ್ನೊಂದು ಕಡೆ ಸಸ್ಯಾಹಾರಿಗಳ ಬದನೆಕಾಯಿ. ಡಾಕ್ಟರ್ ಇಕ್ಬಾಲರ ಹತ್ತು ವರ್ಷದ ಮಗಳು ಸನಾ ನಮ್ಮ ನಾಲ್ಕನೆಯ ಸಂಪುಟ ಓದುತ್ತ ಕೂತಿದ್ದಳು. ಇದ್ದಕ್ಕಿದ್ದಂತೆ ತಲೆಯೆತ್ತಿ, "ಅಂಕಲ್! ವೈ ಈಸ್ ದಿಸ್ ಮೌಂಟನ್ ಟಾಕಿಂಗ್ ಲೈಕ್ ಮೈ ಗ್ರಾನ್‌ಮಾ?" ಎಂದು ಕೂಗಿದಳು. ಬದನೆಕಾಯಿ ತಿರುಗಿಸುತ್ತಿದ್ದವರೆಲ್ಲ ಪುಸ್ತಕದ ಸುತ್ತ ನೆರೆದರು. "ಧೊಪ್ ಅಂತ ಬಿದ್ದ! ನೋಡ್ರೀ ಇಲ್ಲಿ, ಧೊಪ್ ಅಂತ ಬರ್ದಿದಾನೆ ನಮ್ಮ ಇನ್ನಾಸಪ್ಪ!" ಎಂದು ಇಕ್ಬಾಲ್ ಒಂದೊಂದೇ ಸದ್ದನ್ನು ಓದಿ ಹೇಳುತ್ತಿದ್ದರೆ, ರೀಟಾ ನನ್ನತ್ತ ನೋಡಿದ ನೋಟದಲ್ಲಿ ಅರಿವಳಿಕೆ ಸ್ವಲ್ಪವೂ ಇರಲಿಲ್ಲ.

ನಾನೇ ಬೆವ್‌ಗೆ ಫೋನು ಮಾಡಿ ಒಪ್ಪಿಕೊಂಡೆ. ಆ ಕಡೆ ನಿಟ್ಟುಸಿರು. "ಇನ್ನಾ, ಹೋದ ವಾರ ಪರ್ತಿನ ಪುಸ್ತಕ ಮೇಳದಲ್ಲಿ ಒಬ್ಬ ತೋಳು ತೋರಿಸಿದ. 'ಧೊಪ್' ಅಂತ ಹಚ್ಚೆ ಹಾಕಿಸ್ಕೊಂಡಿದಾನೆ. ಹಳೇ ಜಪಾನೀ ಪರ್ವತಮಂತ್ರ ಅಂತೆ. ಇನ್ನು ಬದಲಾಯಿಸೋಕ್ಕಾಗಲ್ಲ, ಮುಂದುವರಿಸು." ಆ ಪುಣ್ಯಾತ್ಮ ಎಲ್ಲಿದ್ದಾನೋ, ಅವನ ತೋಳಿನ ಮೇಲೆ ಕನ್ನಡ ಇಂದಿಗೂ ಬೀಳುತ್ತಲೇ ಇದೆ.

ಇನ್ನು ನಗಲಾಗದ ತಪ್ಪಿನ ಮಾತು.

ಜಪಾನೀ ಪುಸ್ತಕವನ್ನು ಬಲದಿಂದ ಎಡಕ್ಕೆ ಓದುತ್ತಾರೆ. ಇಲ್ಲಿನ ಓದುಗರಿಗೆ ಕಷ್ಟವಾದೀತೆಂದು ಆಗ ಪ್ರತಿ ಪುಟವನ್ನೂ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಅಚ್ಚು ಹಾಕುತ್ತಿದ್ದರು. ತಿರುಗಿಸಿದಾಗ ಲೋಕವೇ ಎಡಬಲವಾಗುತ್ತದೆ. ಎಲ್ಲರೂ ಎಡಗೈಯಲ್ಲಿ ಊಟ ಮಾಡುತ್ತಾರೆ, ಗಡಿಯಾರ ಹಿಂದಕ್ಕೆ ಓಡುತ್ತದೆ. ಒಮ್ಮೆ ರೀಟಾ ಒಂದು ಪುಟ ನೋಡಿ, "ರೀ, ಈ ಡಾಕ್ಟ್ರು ಪೇಷಂಟಿನ ಎದೆ ಬಲಗಡೆ ಹೃದಯ ಹುಡುಕ್ತಿದಾನಲ್ರೀ, ಅವನ ಕೈಗೆ ಯಾಕ್ರೀ ಕೊಟ್ರಿ ಆ ಬಡಪಾಯೀನ?" ಎಂದಿದ್ದಳು. ನಕ್ಕು ಸುಮ್ಮನಾಗಿದ್ದೆವು. ಸುಮ್ಮನಾಗಬಾರದಿತ್ತು.

ಆರನೆಯ ಸಂಪುಟದಲ್ಲಿ ನಾತ್ಸು ಒಬ್ಬ ಹೊಸಬನಿಗೆ ಹಗ್ಗದ ಬ್ರೇಕನ್ನು ವಿವರಿಸುವ ಪುಟವಿತ್ತು. ಅಂಗೈಯಗಲದ ಲೋಹದ ಸಾಧನ ಅದು. ಹಗ್ಗ ಅದರೊಳಗೆ ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆ ಬರುತ್ತದೆ. ಒಂದು ತುದಿ ಹಗ್ಗಕ್ಕೆ ತೂಗುಬಿದ್ದು ಇಳಿಯುವವನದು, ಇನ್ನೊಂದು ತುದಿ ಅದನ್ನು ಹಿಡಿಯುವವನದು. ಸರಿಯಾಗಿ ಹಾಕಿದರೆ, ತೂಗುವವನು ಬಿದ್ದ ಕ್ಷಣ ಸಾಧನ ಹಗ್ಗವನ್ನು ಕಚ್ಚಿ ಹಿಡಿಯುತ್ತದೆ. ಹಿಂದುಮುಂದಾಗಿ ಹಾಕಿದರೆ ಕಚ್ಚುವುದಿಲ್ಲ, ಹಗ್ಗ ಸರಾಗವಾಗಿ ಓಡಿಹೋಗುತ್ತದೆ. ಚಿತ್ರದಲ್ಲಿ ಎರಡು ತುದಿಗೂ ಎರಡು ಹೆಸರಿತ್ತು. ಪುಟ ತಿರುಗಿದಾಗ ತುದಿಗಳು ಕಡೆ ಬದಲಿಸಿದವು. ನಾನು ಮೂಲ ಪುಟವನ್ನು ಪಕ್ಕದಲ್ಲಿಟ್ಟುಕೊಂಡು, ಅಲ್ಲಿ ಹೆಸರು ಎಲ್ಲಿತ್ತೋ ಇಲ್ಲೂ ಅಲ್ಲೇ ಬರೆದೆ. ಚಿತ್ರ ತಿರುಗಿತು, ಹೆಸರು ತಿರುಗಲಿಲ್ಲ.

ಒಂದು ಬೆಳಗ್ಗೆ ಬೆವ್ ಫೋನು ಮಾಡಿದರು. "ಇನ್ನಾ, ಕೂತ್ಕೊಂಡಿದೀಯಾ?" ಅಡಿಲೇಡಿನ ಬೆಟ್ಟದ ಕಡೆ ಸ್ವಯಂಸೇವಕರ ಒಂದು ರಕ್ಷಣಾ ತಂಡವಿತ್ತು. ತರಬೇತಿಗೆ ಬಂದಿದ್ದ ಶಾನನ್ ಎಂಬ ಹುಡುಗಿ ಬ್ರೇಕಿಗೆ ಹಗ್ಗವನ್ನು ಹಿಂದುಮುಂದಾಗಿ ಹಾಕಿದ್ದಳು. ಯಾರೂ ಇಳಿಯುವ ಮೊದಲು ತರಬೇತುದಾರ ಗ್ರೇಮ್ ಎಂದಿನಂತೆ ಹಗ್ಗವನ್ನು ಜಗ್ಗಿ ಪರೀಕ್ಷಿಸಿದಾಗ ಅದು ಕಚ್ಚದೆ ಓಡಿತು. ಇನ್ನೊಬ್ಬ ಆಗಲೇ ಅಂಚಿನಲ್ಲಿ ಇಳಿಯಲು ಸಿದ್ಧನಾಗಿದ್ದ. "ಪುಸ್ತಕದಲ್ಲಿ ಹೀಗೇ ಇತ್ತು" ಎಂದಳಂತೆ ಶಾನನ್. "ತಪ್ಪನ್ನ ಪುಸ್ತಕದ ಮೇಲೆ ಹಾಕೋಳು ನನ್ನ ತಂಡಕ್ಕೆ ಬೇಡ" ಎಂದು ಗ್ರೇಮ್ ಅವಳನ್ನು ಹೊರಗಿಟ್ಟಿದ್ದ. ಅವಳು ನಮ್ಮ ಕಚೇರಿಗೆ ಕಾಗದ ಬರೆದಿದ್ದಳು.

ಕಪಾಟಿನಿಂದ ಪುಸ್ತಕ ತೆಗೆದು ನೋಡಿದೆ. ಅಕ್ಷರ ಮುತ್ತಿನಂತಿತ್ತು. ಅದು ನನ್ನ ಕೈಯ ಅತ್ಯಂತ ನೀಟಾದ ಪುಟಗಳಲ್ಲೊಂದು. ಎರಡು ಹೆಸರೂ ತಪ್ಪು ತುದಿಯಲ್ಲಿದ್ದವು.

"ಪ್ರಕಾಶನದ ಯಜಮಾನರು ಏನಂತಾರೆ?" ಎಂದೆ ಫೋನಿನಲ್ಲಿ.

"ಕಾಮಿಕ್ಸ್ ನೋಡಿ ಹಗ್ಗ ಕಟ್ಟೋದನ್ನ ಯಾರು ಕಲೀತಾರೆ, ಮುಂದಿನ ಸಂಪುಟದ ಕೊನೇಲಿ ತಿದ್ದುಪಡಿ ಅಂತ ಒಂದು ಸಾಲು ಹಾಕಿ ಅಂತಾರೆ" ಎಂದರು ಬೆವ್. ಅವರ ದನಿಯಲ್ಲಿ ಬಿಗಿ ಇರಲಿಲ್ಲ. ಅವರಿಗೂ ಭಯವಾಗಿತ್ತು.

ಸಂಜೆ ರೀಟಾ ಪುಟವನ್ನು ನೋಡಿದಳು. ಅವಳು ಈ ಸಲ ನಗಲಿಲ್ಲ. "ರೀ, ನನ್ ಕೆಲಸದಲ್ಲಿ ಪ್ರತಿ ಸಿರಿಂಜಿಗೂ ಒಂದು ಲೇಬಲ್ ಅಂಟಿಸ್ತೀನಿ. ಒಳಗಿರೋದು ಎಲ್ಲಾ ಒಂದೇ ಥರ ನೀರಿನ ಹಾಗೆ ಕಾಣತ್ತೆ. ಲೇಬಲ್ ತಪ್ಪಾದ್ರೆ ಮನುಷ್ಯ ಹೋಗ್ಬಿಡ್ತಾನೆ. ತಪ್ಪಾಯ್ತು ಅಂತ ಗೊತ್ತಾದ ತಕ್ಷಣ ನಾವು ಮಾಡೋ ಮೊದಲ್ನೇ ಕೆಲಸ, ಎಲ್ರಿಗೂ ಕೇಳೋ ಹಾಗೆ ಹೇಳೋದು."

"ಕಾಗದ ಬರೀತೀನಿ."

"ಬರೆದೇ ಅಲ್ವಾ ಇಷ್ಟಾಗಿದ್ದು? ಹೋಗಿ ಹೇಳಿ."

ಮರುದಿನವೇ ಅಡಿಲೇಡಿನ ವಿಮಾನ ಹತ್ತಿದೆ. ಬೆವ್ ತಮ್ಮ ಹಳೆಯ ಕಾರಿನಲ್ಲಿ ಆ ತಂಡ ತರಬೇತಿ ನಡೆಸುವ ಬಂಡೆಯ ಬಳಿ ಕರೆದೊಯ್ದರು.

ಗ್ರೇಮ್ ಬಿಳಿ ಮೀಸೆಯ, ಹೆಚ್ಚು ಮಾತಿಲ್ಲದ ಮನುಷ್ಯ. ಸುತ್ತ ಆರು ಜನ ಕಲಿಯುವವರು. ಸ್ವಲ್ಪ ದೂರದಲ್ಲಿ, ತನ್ನ ಕಾರಿಗೆ ಒರಗಿ, ಇಲ್ಲಿನವರು ಸರ್ವೋ ಎನ್ನುವ ಪೆಟ್ರೋಲ್ ಬಂಕಿನ ಸಮವಸ್ತ್ರದಲ್ಲೇ ಒಬ್ಬಳು ನಿಂತಿದ್ದಳು. ಅವಳು ಪಾಳಿ ಮುಗಿಸಿ ನೇರ ಬಂದಿದ್ದಳು. ಅವಳೇ ಶಾನನ್. ನಾವು ಬರುತ್ತೇವೆಂದು ಬೆವ್ ಅವಳಿಗೆ ತಿಳಿಸಿದ್ದರು. ನಾನು ಎಲ್ಲರ ಮುಂದೆ ಪುಟ ಬಿಡಿಸಿ ಹಿಡಿದು, ನನ್ನ ಮೈಸೂರಿನ ಇಂಗ್ಲಿಷಿನಲ್ಲಿ ಹೇಳಿದೆ: "ಈ ಹೆಸರುಗಳನ್ನು ಬರೆದದ್ದು ನಾನು. ಎರಡೂ ಅದಲು ಬದಲಾಗಿವೆ. ಆಕೆ ಸುಳ್ಳು ಹೇಳಲಿಲ್ಲ. ತಪ್ಪು ನನ್ನ ಕೈಯದು."

ಗ್ರೇಮ್ ಪುಸ್ತಕ ತೆಗೆದುಕೊಂಡು, ಸೊಂಟದಲ್ಲಿದ್ದ ಬ್ರೇಕನ್ನು ಬಿಚ್ಚಿ ಪಕ್ಕದಲ್ಲಿ ಹಿಡಿದು, ಎರಡನ್ನೂ ಹೋಲಿಸಿ ನೋಡಿದ. ಆಮೇಲೆ ಶಾನನ್ ಕಡೆ ತಿರುಗಿ, "ಬ್ರೇಕಿನ ಮೈಮೇಲೇ ಕೊರೆದಿರತ್ತೆ, ಯಾವ ತುದಿ ಯಾವುದು ಅಂತ. ನೀನು ಅದನ್ನ ನೋಡ್ಬೇಕಿತ್ತು" ಅಂದ.

"ನೋಡ್ಬೇಕಿತ್ತು" ಎಂದಳು ಅವಳು. ಆಮೇಲೆ ನನ್ನನ್ನು ತೋರಿಸಿ, "ಇವನೂ ನೋಡ್ಬೇಕಿತ್ತು."

ಯಾರೋ ನಕ್ಕರು. ಗ್ರೇಮ್‌ನ ಮೀಸೆ ಅಲುಗಿತು. "ಹೋಗು, ಸೊಂಟದ ಪಟ್ಟಿ ಕಟ್ಕೊ" ಎಂದ ಅವಳಿಗೆ. ಅಷ್ಟೇ. ಅವಳು ತಂಡಕ್ಕೆ ವಾಪಸ್ಸಾದಳು. ನನಗೆ ಕಣ್ಣು ತುಂಬಿ ಬಂತು, ಕನ್ನಡಕ ಒರೆಸುವ ನಾಟಕ ಮಾಡಿದೆ.

ಬಂದ ಕೆಲಸ ಮುಗಿಯಿತೆಂದು ಹೊರಡುವಷ್ಟರಲ್ಲಿ ಶಾನನ್ ಸೊಂಟದ ಪಟ್ಟಿಯೊಂದನ್ನು ನನ್ನತ್ತ ಚಾಚಿದಳು. "ಪುಟ ತಿದ್ದಿ ಬರೀತೀಯಲ್ವಾ? ಮೊದಲು ಕೈಯಾರೆ ಹಾಕಿ ನೋಡು. ನೀನೇ ಹಾಕಿದ ಬ್ರೇಕಿಗೆ ನೀನೇ ತೂಗು."

ನಾನು ಬೆವ್ ಕಡೆ ನೋಡಿದೆ. ಅವರು ಆಕಾಶದಲ್ಲಿ ಏನೋ ಹಕ್ಕಿ ಹುಡುಕುತ್ತಿದ್ದರು.

ಹಗ್ಗವನ್ನು ಬ್ರೇಕಿನೊಳಗೆ ಹೊಗಿಸಿದೆ. ಕೊರೆದ ಗುರುತನ್ನು ಮೂರು ಸಲ ನೋಡಿದೆ. ಶಾನನ್ ಜಗ್ಗಿದಳು, ಕಚ್ಚಿತು. ಗ್ರೇಮ್ ತನ್ನ ಸಮಾಧಾನಕ್ಕೆ ಇನ್ನೊಂದು ಹಗ್ಗವನ್ನೂ ನನಗೆ ಕಟ್ಟಿದ. ಬಂಡೆಯ ಅಂಚಿಗೆ ಬೆನ್ನು ಮಾಡಿ ನಿಲ್ಲಿಸಿದರು. "ಹಿಂದಕ್ಕೆ ಕೂತ್ಕೊ, ಕುರ್ಚಿ ಇದೆ ಅಂದ್ಕೊ" ಅಂದಳು. ಕುರ್ಚಿ ಇರಲಿಲ್ಲ. ಹನ್ನೆರಡು ಮೀಟರ್ ಗಾಳಿ ಇತ್ತು. ಕಾಲು ಜಾರಿ ಎರಡಡಿ ಇಳಿದೆನೋ ಇಲ್ಲವೋ, ಬ್ರೇಕು ಗಕ್ಕನೆ ಹಿಡಿಯಿತು, ನಾನು ಇಡೀ ಬೆಟ್ಟಕ್ಕೆ ಕೇಳುವಂತೆ "ಅಯ್ಯಯ್ಯಯ್ಯೋ ಏಸಪ್ಪಾ!" ಎಂದು ಕಿರುಚಿದೆ.

ಕೆಳಗೆ ಹೋಗಿ ನಿಂತಿದ್ದ ಬೆವ್ ಕೂಗಿ ಕೇಳಿದರು: "ಇನ್ನಾ! ಅದರ ಸ್ಪೆಲ್ಲಿಂಗ್ ಏನು?"

ಕೆಳಗಿಳಿದ ಮೇಲೆ ಹತ್ತು ನಿಮಿಷ ನೆಲವನ್ನು ಅಂಗೈಯಿಂದ ಒತ್ತಿಕೊಂಡು ಕೂತಿದ್ದೆ. ಅಂದೇ ಹೊಸ ಪುಟ ಬರೆದೆ. ಯಜಮಾನರನ್ನು ಒಪ್ಪಿಸಿದ್ದು ಬೆವ್. ಹೇಗೆಂದು ನನಗೆ ಹೇಳಲಿಲ್ಲ. ಯಜಮಾನರ ಕೋಣೆಯಿಂದ ಒಂದು ಕನ್ನಡಕ ಮುರಿದುಕೊಂಡು ಬಂದದ್ದನ್ನು ಮಾತ್ರ ಕಂಡೆ. ಗೋದಾಮಿನಲ್ಲಿದ್ದ ಪ್ರತಿಗಳಿಗೆಲ್ಲ ಸರಿಯಾದ ಚಿತ್ರದ ಚೀಟಿ ಅಂಟಿಸಿದೆವು. ಮಾರಾಟವಾಗಿದ್ದವಕ್ಕೆ ಅಂಗಡಿ ಅಂಗಡಿಗೆ ಚೀಟಿ ಕಳಿಸಿದೆವು. ಬ್ರಿಸ್ಬೇನಿನ ಅಂಗಡಿಗಳಿಗೆ ನಾನೇ ಹೋದೆ.

ಮಿಚಿಕೋ ಈ ಸುದ್ದಿಯನ್ನು ಜಪಾನಿನ ಚಿತ್ರಕಾರರಿಗೆ ತಿಳಿಸಿದರು. ಅವರು ಸಿಟ್ಟಾಗುತ್ತಾರೆಂದು ಹೆದರಿದ್ದೆ. ಉತ್ತರ ಚಿಕ್ಕದಾಗಿತ್ತು. 'ಬ್ರೇಕಿನ ವಿಷಯ ತಿದ್ದಿದ್ದಕ್ಕೆ ವಂದನೆ. ನಾನು ಯೌವನವೆಲ್ಲ ನಡೆದ ಆ ಬೆಟ್ಟದ ನೆತ್ತಿಯಂಚನ್ನು ನಿಮ್ಮ ಪುಸ್ತಕದಲ್ಲಿ ಎಡಬಲವಾಗಿ ಕಂಡಾಗ ನನಗೇ ಗುರುತು ಸಿಗಲಿಲ್ಲ. ಅದನ್ನೂ ತಿದ್ದಬಹುದೇ?' ಮುಂದಿನ ಸಂಪುಟದಿಂದ ಪುಟ ತಿರುಗಿಸುವುದನ್ನು ನಿಲ್ಲಿಸಿದೆವು. ಪುಸ್ತಕ ಹಿಂದಿನಿಂದ ಶುರುವಾಗುತ್ತದೆಂದು ದೂರಿ ಓದುಗರು ಕಾಗದ ಬರೆದರು. ಆಮೇಲೆ ಅಭ್ಯಾಸವಾಯಿತು. ಈಗಿನ ಮಕ್ಕಳಿಗೆ ಹಾಗೆ ಓದದಿದ್ದರೇ ಮುಜುಗರ.

ಕಂಪ್ಯೂಟರ್ ಬಂತು. ಬಿಳಿ ಬಣ್ಣ, ಬ್ಲೇಡು, ಗೋಂದು ಎಲ್ಲ ಡ್ರಾಯರು ಸೇರಿದವು. ಕಚೇರಿಯವರು ನನ್ನಿಂದ ಎ ಇಂದ ಝಡ್‌ವರೆಗೆ ಹಲವು ಸಲ ಬರೆಸಿಕೊಂಡು, ನನ್ನ ಕೈಬರಹದ್ದೇ ಒಂದು ಫಾಂಟ್ ಮಾಡಿದರು. ನನಗೆ ಹೆಮ್ಮೆಯೋ ಹೆಮ್ಮೆ, ವಾರದ ಮಟ್ಟಿಗೆ. ಆಮೇಲೆ ತಿಳಿಯಿತು: ನನ್ನ ಅಕ್ಷರ ನನಗಿಂತ ಬೇಗ ಬರೆಯುತ್ತದೆ, ಬೆವರುವುದಿಲ್ಲ, ನಡುನಡುವೆ ಕನ್ನಡ ತುರುಕುವುದಿಲ್ಲ. ಆ ಹೊತ್ತಿಗೆ ನಾವು ಪರ್ತಿಗೆ ಬಂದು ನೆಲೆಸಿದ್ದೆವು. ಪಾತ್ರಗಳ ಮಾತಿನ ಗುಳ್ಳೆಗಳೆಲ್ಲ ಫಾಂಟಿನ ಪಾಲಾದವು. ನನಗೆ ಉಳಿದದ್ದು ಸದ್ದು ಮತ್ತು ಹಿಮ.

ಅಪೂರ್ವ, ನಿನ್ನ ಕಾಲಕ್ಕೆ ಅದೂ ಉಳಿಯುವುದೋ ಇಲ್ಲವೋ. ಆದರೆ ಹೆಸರು ಬರೆಯುವ ಮುಂಚೆ ವಸ್ತುವನ್ನು ಕೈಯಲ್ಲಿ ಹಿಡಿದು ನೋಡು. ಇಷ್ಟು ವರ್ಷದಲ್ಲಿ ನನಗೆ ಖಚಿತವಾಗಿ ಗೊತ್ತಾದದ್ದು ಇದೊಂದೇ.

ಮಾಲೆಯ ಕೊನೆಯ ಸಂಪುಟವೇ ನನ್ನ ಕೊನೆಯ ಕೆಲಸವೂ ಆಯಿತು. ಕೊನೆಯ ಪುಟದಲ್ಲಿ ಮನುಷ್ಯರಿಲ್ಲ. ನಾತ್ಸು ಇಳಿದುಹೋದ ಮೇಲಿನ ಬೆಟ್ಟ, ಇಡೀ ಪುಟ ಹಿಮ, ಅದರ ನಡುವೆ ತೆಳ್ಳಗೆ ಎರಡು ಮೂರು ಜಪಾನೀ ಅಕ್ಷರ. ಇದು ಯಾವ ಸದ್ದು ಎಂದು ಮಿಚಿಕೋಗೆ ಫೋನು ಮಾಡಿ ಕೇಳಿದೆ. "ಸದ್ದಿಲ್ಲದಿರುವ ಸದ್ದು. ಜಪಾನಿನಲ್ಲಿ ಅದಕ್ಕೂ ಒಂದು ಮಾತಿದೆ" ಎಂದರು. ಇಂಗ್ಲಿಷಿನಲ್ಲಿ ಹುಡುಕಿದೆ, ಕನ್ನಡದಲ್ಲಿ ತಡಕಿದೆ. ಬರೆದದ್ದೆಲ್ಲ ಗಲಾಟೆ ಮಾಡುತ್ತಿತ್ತು. ಕೊನೆಗೆ ಆ ಅಕ್ಷರಗಳನ್ನು ಅಳಿಸಿ, ಡ್ರಾಯರಿನಿಂದ ಹಳೆಯ ಕುಂಚ ತೆಗೆದು, ಮೂರು ದಿನ ಕೂತು ಆ ಜಾಗಕ್ಕೆ ಹಿಮ ಬರೆದೆ. ಮೇಲೆ ಏನೂ ಬರೆಯಲಿಲ್ಲ.

"ಅಕ್ಷರ ಎಲ್ಲಿ?" ಎಂದರು ಬೆವ್ ಫೋನಿನಲ್ಲಿ.

"ಇಲ್ಲ."

"ಜೀವನದ ಕೊನೇ ಪುಟದಲ್ಲಿ ಕೆಲಸ ಕದ್ದೆ" ಅಂದರು. ಆಮೇಲೆ, "ಹಾಗೇ ಇರ್ಲಿ" ಅಂದರು.

ಪುಸ್ತಕ ಅಚ್ಚಾಗಿ ಬಂದ ದಿನ ರೀಟಾ ಆಸ್ಪತ್ರೆಯಿಂದ ಬಂದು, ಶೂ ಕೂಡ ಬಿಚ್ಚದೆ, ಅಡುಗೆಮನೆಯ ಮೇಜಿನ ಹತ್ತಿರ ನಿಂತೇ ಅದನ್ನು ತೆರೆದಳು. ಕೊನೆಯ ಪುಟವನ್ನು ಬಹಳ ಹೊತ್ತು ನೋಡಿದಳು. ನಾನು ಟೀ ಸೋಸುತ್ತ, ಏನು ಹೇಳುತ್ತಾಳೋ ಎಂದು ಕಾದೆ.

"ಇಲ್ಲಿ ಏನೋ ಇತ್ತು, ಅಲ್ವಾ ರೀ?" ಎಂದಳು.

ಅಷ್ಟು ವರ್ಷದ ನನ್ನ ಕಸುಬು ಗೊತ್ತಾಗದ ಹಾಗೆ ಅಳಿಸುವುದು. "ಎಲ್ಲಿ? ಬರೀ ಹಿಮ ಅದು" ಎಂದೆ.

ಅವಳು ತಲೆಯೆತ್ತದೆ ಬೆರಳಿಟ್ಟು ತೋರಿಸಿದಳು. ಹೋಗಿ ನೋಡಿದೆ. ಬೆರಳು ಸರಿಯಾಗಿ ನಾನು ಅಳಿಸಿದ್ದ ಜಾಗದ ಮೇಲೇ ಇತ್ತು.